ಮೂರನೆಯ ಪಿನ್ನು

ಎಲೆಕ್ಟ್ರಿಕ್ ಗಿಟಾರಿಗೆ ಹೊಟ್ಟೆ ಇಲ್ಲ. ತಂಬೂರಿಗೆ ದುಂಡನೆಯ ಬುರುಡೆಯಿದೆ, ವೀಣೆಗೆ ಹಲಸಿನ ಮರದ ಕೊಡವಿದೆ, ಇಗರ್ಜಿಯಲ್ಲಿ ಹುಡುಗರು ನುಡಿಸುವ ಸಾದಾ ಗಿಟಾರಿಗೂ ಡೊಳ್ಳು ಹೊಟ್ಟೆ, ಅದರ ನಡುವೆ ಅಗಲ ಬಾಯಿ. ಇದಕ್ಕೆ ಇವೊಂದೂ ಇಲ್ಲ. ಗಟ್ಟಿ ಹಲಗೆಯೊಂದಕ್ಕೆ ಆರು ತಂತಿ ಬಿಗಿದು, ಮೋಟಾರ್ ಸೈಕಲ್ಲಿನ ಟ್ಯಾಂಕಿನಂತೆ ಫಳಫಳ ಹೊಳೆಯುವ ಬಣ್ಣ ಬಳಿದರೆ ಮುಗಿಯಿತು. ಬರಿದೇ ಮೀಟಿದರೆ ಸೊಳ್ಳೆ ಕಿವಿಯ ಹತ್ತಿರ ಸುಳಿದಷ್ಟೇ ಸದ್ದು. ನನ್ನ ಮಗಳು ಜಗಲಿಯಲ್ಲಿ ಕೂತು ಮೊದಲ ಸಲ ಅದನ್ನು ಮೀಟಿದಾಗ ಅವಳ ತಾಯಿ ಗಾಬರಿಯಾಗಿ, "12 ಸಾವಿರ ಕೊಟ್ಟು ತಂದದ್ದು, ಸದ್ದೇ ಇಲ್ವಲ್ಲ!" ಎಂದಳು. "ತಡಿ ಆಯಿ, ಇನ್ನೂ ಕರೆಂಟು ಕೊಡಲಿಲ್ಲ" ಎಂದಳು ಮಗಳು.

ನಾವಿರುವುದು ಹಾರವಾಡದಲ್ಲಿ, ಬಾಡಿಗೆ ಮನೆ. ಅಂಕೋಲಾ ತಾಲೂಕಿನ ಈ ಊರಿಗೆ ಒಂದು ಮಗ್ಗುಲಲ್ಲಿ ಸಮುದ್ರ, ಇನ್ನೊಂದು ಮಗ್ಗುಲಲ್ಲಿ ಹೆದ್ದಾರಿ ಮತ್ತು ಕೊಂಕಣ ರೈಲು. ರೈಲು ಹತ್ತಿದರೆ ಮಡಗಾಂವ್ ದೂರವಲ್ಲ. ಕರಾವಳಿಯ ನಮ್ಮ ಮಕ್ಕಳಿಗೆ ಗಿಟಾರಿನ ಗೀಳು ಹತ್ತಿದ್ದರೆ ಅರ್ಧ ಕಾರಣ ಗೋವೆ, ಇನ್ನರ್ಧ ಮೊಬೈಲು. ಮಗಳಾಗ ಪಿಯುಸಿ ಮೊದಲ ವರ್ಷ, ಕಾರವಾರಕ್ಕೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಮಡಗಾಂವಿನಲ್ಲಿ ಯಾರೋ ಬಳಸಿ ಬಿಟ್ಟ ಗಿಟಾರೊಂದನ್ನು, ಜೊತೆಗೆ ಅಕ್ಕಿ ಡಬ್ಬಿಯಷ್ಟು ದೊಡ್ಡದೊಂದು 10 ವಾಟಿನ ಆಂಪ್ಲಿಫೈಯರನ್ನು ಕೊಂಡು ತಂದೆವು. ಕಲಿಸಲು ಕಾರವಾರದ ಒಬ್ಬ ತರುಣ ಸಿಕ್ಕ. ಭಾನುವಾರ ಬೆಳಿಗ್ಗೆ ಇಗರ್ಜಿಯಲ್ಲಿ, ಶನಿವಾರ ರಾತ್ರಿ ಗೋವೆಯ ಹೋಟೆಲುಗಳಲ್ಲಿ ನುಡಿಸುವವ. ಮೊದಲ ಪಾಠಕ್ಕೆ ನಾನು ಕೂತದ್ದು ಪಾಲಕನಾಗಿ, ಅಂದರೆ ಕಾವಲಿಗೆ. ಮೂರನೆಯ ವಾರಕ್ಕೆ ನಾನೂ ವಿದ್ಯಾರ್ಥಿಯಾಗಿದ್ದೆ. ನನಗಾಗ 53 ವರ್ಷ.

ಆಸಕ್ತಿ ಕೆರಳಿಸಿದ್ದು ಸಂಗೀತವಲ್ಲ, ತಂತಿಗಳ ಕೆಳಗೆ ಕೂತಿದ್ದ ಮೂರು ಪುಟ್ಟ ಪಟ್ಟಿಗಳು. ಪಿಕಪ್ ಎನ್ನುತ್ತಾರೆ. ಪ್ರತಿ ತಂತಿಯಡಿ ಒಂದೊಂದು ಕಾಂತದ ಗುಬಟು, ಅದರ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿ, ಏಳೆಂಟು ಸಾವಿರ ಸುತ್ತು. ಉಕ್ಕಿನ ತಂತಿ ಆ ಕಾಂತದಿಂದ ತಾನೂ ಸ್ವಲ್ಪ ಕಾಂತವಾಗುತ್ತದೆ. ಅದು ಕಂಪಿಸಿದಾಗ ಸುರುಳಿಯ ಮೂಲಕ ಹಾಯುವ ಕಾಂತರೇಖೆಗಳು ಹೆಚ್ಚು ಕಡಿಮೆಯಾಗುತ್ತವೆ. ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಹತ್ತನೆಯ ತರಗತಿಯ ಮಕ್ಕಳು ಉರು ಹೊಡೆಯುವ, 1831ರಲ್ಲಿ ಫ್ಯಾರಡೆ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆ ಇದೇ! ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಸುರುಳಿ ಬರೆದು ಬಾಣದ ಗುರುತು ಹಾಕಿದವನಿಗೆ, ಅದೇ ಸುರುಳಿ ಮಗಳ ತೊಡೆಯ ಮೇಲೆ ಕೂತು ಹಾಡುವುದನ್ನು ಕೇಳಿದರೆ ಹೇಗಾಗಬೇಡ? ನೈಲಾನ್ ತಂತಿ ಹಾಕಿದರೆ ಈ ವಾದ್ಯ ಮೌನಿ. ಮಕ್ಕಳಿಗೆ ಪರೀಕ್ಷೆಯಲ್ಲಿ ಕೇಳಬಹುದಾದ ಒಳ್ಳೆಯ ಪ್ರಶ್ನೆ ಅದು.

ಈ ಉಪಾಯವನ್ನು ಗಿಟಾರಿಗೆ ಮೊದಲು ಯಶಸ್ವಿಯಾಗಿ ಕಟ್ಟಿದವರಲ್ಲಿ ಅಮೆರಿಕದ ಜಾರ್ಜ್ ಬೋಶಾಂ ಒಬ್ಬರು. 1931ರಲ್ಲಿ ರೂಪುಗೊಂಡ ಆ ವಾದ್ಯ ನೋಡಲು ಬಾಣಲೆಯಂತಿದ್ದುದರಿಂದ ಅದಕ್ಕೆ ಬಾಣಲೆ ಎಂದೇ ಅಡ್ಡಹೆಸರು ಬಿತ್ತು. ಇಂದು ಕಣ್ಣಿಗೆ ಪರಿಚಯವಾಗಿರುವ ಎರಡು ಕೊಂಬಿನ ಆಕಾರ 1954ರ ಸ್ಟ್ರಾಟೊಕಾಸ್ಟರಿನದು. ಅದರ ಹಿಂದಿದ್ದ ಲಿಯೋ ಫೆಂಡರ್ ಮೂಲತಃ ರೇಡಿಯೋ ರಿಪೇರಿ ಅಂಗಡಿಯವರು. ಗಿಟಾರ್ ನುಡಿಸಲು ಅವರು ಕೊನೆಯವರೆಗೂ ಕಲಿಯಲಿಲ್ಲವಂತೆ. ನನ್ನಂಥವರಿಗೆ ಎಷ್ಟು ಸಮಾಧಾನದ ಸಂಗತಿ!

ಇನ್ನು ಪಾಲಕರ ವಿಷಯ. ಮಗ ಅಥವಾ ಮಗಳು ಎಲೆಕ್ಟ್ರಿಕ್ ಗಿಟಾರ್ ಬೇಕು ಎಂದಾಗ ನಮ್ಮ ಕಡೆಯ ಪಾಲಕರು ಕೇಳುವ ಪ್ರಶ್ನೆ ಎರಡು: ದುಡ್ಡು ಎಷ್ಟು, ಮಾರ್ಕಿಗೆ ಕುತ್ತು ಬರುತ್ತದೆಯೆ? ಮಕ್ಕಳು ಕೇಳುವುದೂ ಎರಡೇ: ಯಾವ ಕಂಪನಿ, ಯಾವ ಪೆಡಲು? ಗೋಡೆಯಲ್ಲಿರುವ ಪ್ಲಗ್ಗಿನ ಗೂಡಿನ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಈ ಬರಹ ಬರೆಯಲು ನಾನು ಕೂತದ್ದೇ ಅದಕ್ಕೆ.

ಜೂನ್ ತಿಂಗಳು, ಮಳೆ ಹಿಡಿದ ಮೊದಲ ವಾರ. ಮಗಳು ಅಂಗಳದಲ್ಲಿ ಒಣಹಾಕಿದ್ದ ಬಟ್ಟೆ ತೆಗೆದುಕೊಂಡು ಓಡಿಬಂದು, ಒದ್ದೆ ಕಾಲಿನಲ್ಲೇ ಸಿಮೆಂಟಿನ ನೆಲದ ಮೇಲೆ ನಿಂತು ಗಿಟಾರ್ ಎತ್ತಿಕೊಂಡಳು. "ಅಪ್ಪಾ, ತಂತಿ ಕಚ್ತದೆ" ಎಂದಳು. ಕಲಿಯುವವರ ಬೆರಳ ತುದಿ ಮೊದಲ ಎರಡು ತಿಂಗಳು ನೋಯುವುದು ಸಹಜ. ಆದರೆ ನೋಯುವುದು ಬೇರೆ, ಕಚ್ಚುವುದು ಬೇರೆ. ಸ್ವಿಚ್ಚು ಆರಿಸಿ ಪ್ಲಗ್ಗು ಕಿತ್ತೆ. ಮರುದಿನ ಬಂದ ವೈರ್‌ಮನ್, ಆಂಪಿಗೆ ಕರೆಂಟು ಕೊಟ್ಟು ಟೆಸ್ಟರನ್ನು ಗಿಟಾರಿನ ತಂತಿಗೆ ಮುಟ್ಟಿಸಿದರೆ ಅದರ ಕೆಂಪು ದೀಪ ಮಿಣುಕಿತು. ಬೋರ್ಡು ಬಿಚ್ಚಿದ. ಮೂರು ತೂತಿನ ಸಾಕೆಟ್ಟು, ಹಿಂದೆ ಎರಡೇ ತಂತಿ. ಮೇಲಿನ ದೊಡ್ಡ ತೂತು ಬರಿಯ ಅಲಂಕಾರ. ಅಡಿಗೆಮನೆಯ ಸಾಕೆಟ್ಟಿನಲ್ಲಿ ಮೂರನೆಯ ತಂತಿ ಇತ್ತು. ಆದರೆ ಅವನ ಟೆಸ್ಟ್ ಲ್ಯಾಂಪು ಅಲ್ಲಿಯೂ ಬೆಳಗಲಿಲ್ಲ. ಆ ತಂತಿಯ ಜಾಡು ಹಿಡಿದು ಹಿತ್ತಲಿಗೆ ಹೋದರೆ, ಹಿಂದೆಂದೋ ಹುಗಿದಿದ್ದ ಕಬ್ಬಿಣದ ಕೊಳವೆ ನೆಲಮಟ್ಟದಲ್ಲಿ ತುಕ್ಕು ತಿಂದು ಅವನ ಕೈಯಲ್ಲೇ ಮುರಿದು ಬಂತು. ಉಪ್ಪುಗಾಳಿಯ ಊರು, ಉಪ್ಪು ಮಣ್ಣು. ಕೊಳವೆಯಾದರೂ ಏನು ಮಾಡೀತು!

ಗಿಟಾರಿನಲ್ಲಿ ಇದು ಏಕೆ ಅಷ್ಟು ಮುಖ್ಯ ಎಂಬುದನ್ನು ಮಕ್ಕಳು ಗಮನವಿಟ್ಟು ಓದಬೇಕು. ಆರೂ ತಂತಿಗಳು ಬುಡದಲ್ಲಿ ಒಂದು ಲೋಹದ ಸೇತುವೆಗೆ ಸಿಕ್ಕಿಕೊಂಡಿವೆ. ಆ ಸೇತುವೆಯಿಂದ ಒಂದು ತಂತಿ ಒಳಗಿನಿಂದ ಹೋಗಿ ಕೇಬಲಿನ ಹೊರಜಾಳಿಗೆಯನ್ನು ಸೇರುತ್ತದೆ, ಜಾಳಿಗೆ ಆಂಪಿನ ಲೋಹದ ಮೈಯನ್ನು, ಆ ಮೈ ಪ್ಲಗ್ಗಿನ ಮೂರನೆಯ ಪಿನ್ನನ್ನು, ಪಿನ್ನು ಭೂಮಿಯನ್ನು. ಅಂದರೆ ಗಿಟಾರ್ ಹಿಡಿದವರು ಆಂಪಿನ ಲೋಹದ ಮೈಯನ್ನೇ ಬರಿಗೈಯಲ್ಲಿ ಹಿಡಿದ ಹಾಗೆ. ಮಿಕ್ಸರನ್ನು ನಾವು ಆಗೊಮ್ಮೆ ಈಗೊಮ್ಮೆ ಮುಟ್ಟುತ್ತೇವೆ. ಗಿಟಾರಿನ ತಂತಿಯನ್ನು ಗಂಟೆಗಟ್ಟಲೆ, ಬೆವರಿದ ಬೆರಳುಗಳಿಂದ ಒತ್ತಿ ಹಿಡಿಯುತ್ತೇವೆ. ಭೂಮಿಗೆ ದಾರಿ ಸರಿಯಿದ್ದರೆ ಆಂಪಿನೊಳಗೆ ಏನಾದರೂ ಕೆಟ್ಟರೂ ವಿದ್ಯುತ್ತು ಆ ದಾರಿಯಲ್ಲೇ ಹರಿದು ಫ್ಯೂಸು ಹಾರುತ್ತದೆ. ದಾರಿ ಇಲ್ಲದಿದ್ದರೆ ಅದು ನುಡಿಸುವವರ ಮೈಯನ್ನೇ ದಾರಿ ಮಾಡಿಕೊಳ್ಳುತ್ತದೆ. ನಮ್ಮ ಮಗಳನ್ನು ಕಚ್ಚಿದ್ದು ಸಣ್ಣ ಸೋರಿಕೆ ಮಾತ್ರ. ಆದರೆ ದೊಡ್ಡದಕ್ಕೂ ಅದೇ ಬಾಗಿಲು ತೆರೆದಿತ್ತು.

ಹೆದರಿಸಲು ಹೇಳುತ್ತಿಲ್ಲ, ನಡೆದದ್ದನ್ನು ಹೇಳುತ್ತಿದ್ದೇನೆ. 1972ರಲ್ಲಿ ಬ್ರಿಟನ್ನಿನ ಸ್ವಾನ್ಸಿಯಲ್ಲಿ ಲೆಸ್ಲಿ ಹಾರ್ವೆ ಎಂಬ ಗಿಟಾರ್ ವಾದಕ ವೇದಿಕೆಯ ಮೇಲೆ ಅರ್ಥಿಂಗ್ ಸರಿಯಿಲ್ಲದ ಮೈಕನ್ನು ಮುಟ್ಟಿ ಸತ್ತರು. 1976ರಲ್ಲಿ ಯಾರ್ಡ್‌ಬರ್ಡ್ಸ್ ತಂಡದ ಹಾಡುಗಾರ ಕೀತ್ ರೆಲ್ಫ್ ತಮ್ಮ ಮನೆಯಲ್ಲೇ ಗಿಟಾರ್ ನುಡಿಸುತ್ತಿದ್ದಾಗ ಹಾಗೆಯೇ ತೀರಿಕೊಂಡರು. ಹೆಸರು ಮಾಡಿದ ವೃತ್ತಿಪರರು ಇವರು. ನಮ್ಮಲ್ಲಿ ಮೂರು ಪಿನ್ನಿನ ಪ್ಲಗ್ಗು ಎರಡು ತೂತಿನ ಬೋರ್ಡಿಗೆ ಹೋಗುವುದಿಲ್ಲವೆಂದು ದೊಡ್ಡ ಪಿನ್ನನ್ನೇ ಮುರಿದು ಹಾಕುವ ಜಾಣರಿದ್ದಾರೆ. ಆ ಪಿನ್ನು ಉಳಿದೆರಡಕ್ಕಿಂತ ಉದ್ದವಾಗಿರುವುದು ಸುಮ್ಮನೆ ಅಲ್ಲ. ಪ್ಲಗ್ಗು ಸಿಕ್ಕಿಸುವಾಗ ಎಲ್ಲಕ್ಕಿಂತ ಮೊದಲು ಭೂಮಿ ಸೇರಲಿ, ಕೀಳುವಾಗ ಎಲ್ಲಕ್ಕಿಂತ ಕೊನೆಗೆ ಬಿಡಲಿ ಎಂದು.

ಮನೆಯ ಯಜಮಾನರಿಗೆ ವಿಷಯ ತಿಳಿಸಲು ಹೋದೆ. "ಗಿಟಾರು ಬಾರ್ಸೂಕೆ ಹಿತ್ತಲು ಅಗೀಬೇಕಾ ಮಾಸ್ತರೆ?" ಎಂದು ನಕ್ಕರು. ಗಿಟಾರಿಗಲ್ಲ, ಫ್ರಿಜ್ಜಿಗೆ, ಪಂಪಿಗೆ, ನೀರು ಕಾಸುವ ಗೀಸರಿಗೆ ಎಂದು ಬಿಡಿಸಿ ಹೇಳಿದ ಮೇಲೆ ಗಂಭೀರರಾದರು. ಅರ್ಧ ಖರ್ಚು ಅವರದು ಎಂದಾಯಿತು. ಎಂಟಡಿ ಆಳದ ಗುಂಡಿ, ಅದರಲ್ಲಿ ಸತು ಲೇಪಿಸಿದ ಹೊಸ ಕೊಳವೆ, ಸುತ್ತ ಇದ್ದಿಲು ಒಂದು ಪದರ, ಉಪ್ಪು ಒಂದು ಪದರ. ಎರಡೂ ತೇವ ಹಿಡಿದಿಡುತ್ತವೆ, ಮಣ್ಣಿನ ರೋಧವನ್ನು ತಗ್ಗಿಸುತ್ತವೆ. ಉಪ್ಪು ಸಾಣಿಕಟ್ಟಾದ್ದು. 1930ರ ಉಪ್ಪಿನ ಸತ್ಯಾಗ್ರಹಕ್ಕೆ ಕರ್ನಾಟಕದಲ್ಲಿ ಹೆಸರಾದ ಅಂಕೋಲೆಯಲ್ಲಿ ಕೂತು ಗಿಟಾರಿಗಾಗಿ ಉಪ್ಪು ಸುರಿಯುತ್ತಿದ್ದೇನಲ್ಲ ಎಂದು ನನಗೇ ನಗು ಬಂತು. ಉಪ್ಪು ಹಾಕಿದ ಗುಂಡಿಯ ಕೊಳವೆಯೂ ಕಾಲಕ್ರಮೇಣ ಸವೆಯುತ್ತದೆ. ಆದ್ದರಿಂದ ಎರಡು ಮೂರು ವರ್ಷಕ್ಕೊಮ್ಮೆ ಪರೀಕ್ಷಿಸಬೇಕು ಎಂದ ವೈರ್‌ಮನ್. ಮೀಟರಿನ ಪಕ್ಕದಲ್ಲಿ 30 ಮಿಲಿ ಆಂಪಿಯರ್ ಸೋರಿದರೆ ತಾನೇ ಬೀಳುವ ಸ್ವಿಚ್ಚನ್ನೂ ಹಾಕಿಸಿದೆವು. ಅಂಗಡಿಯಲ್ಲಿ ಆರ್‌ಸಿಸಿಬಿ ಎಂದು ಕೇಳಿದರೆ ಕೊಡುತ್ತಾರೆ. ಮಕ್ಕಳೇ, ಇದು ನೀವು ಸ್ವತಃ ಕೈಹಾಕುವ ಕೆಲಸವಲ್ಲ. ವೈರ್‌ಮನ್ ಮಾಡಬೇಕು, ನೀವು ಪಕ್ಕದಲ್ಲಿ ನಿಂತು ಪ್ರಶ್ನೆ ಕೇಳಬೇಕು.

ಇದಾದ ಮೇಲೆ ಆಂಪಿನ ಗುಂಯ್ ಸದ್ದೂ ಬಹಳಷ್ಟು ತಗ್ಗಿತು. ಪೂರ್ತಿ ಹೋಗಲಿಲ್ಲ. ಮನೆಯ ವಿದ್ಯುತ್ತು ಸೆಕೆಂಡಿಗೆ 50 ಸಲ ಅತ್ತಿತ್ತ ಓಲಾಡುತ್ತದೆ. ಅದರ ಕಾಂತಕ್ಷೇತ್ರ ಎಲ್ಲೆಡೆ ಇದೆ, ಪಿಕಪ್ಪಿನ ಸುರುಳಿಗೆ ತಂತಿಯ ಕಂಪನ ಯಾವುದು, ಟ್ರಾನ್ಸ್‌ಫಾರ್ಮರಿನ ಕಂಪನ ಯಾವುದು ಎಂಬ ಭೇದ ತಿಳಿಯದು. ಗಿಟಾರ್ ಹಿಡಿದು ನಿಂತಲ್ಲೇ ಮೆಲ್ಲನೆ ತಿರುಗಿದರೆ ಒಂದು ದಿಕ್ಕಿನಲ್ಲಿ ಗುಂಯ್ ಹೆಚ್ಚು, ಇನ್ನೊಂದು ದಿಕ್ಕಿನಲ್ಲಿ ಕಡಿಮೆ. ನಮ್ಮ ಮನೆಯಲ್ಲಿ ಕಿಟಕಿಯ ಕಡೆ ಮುಖ ಮಾಡಿದರೆ ಅತಿ ಕಡಿಮೆ.

ಇದಕ್ಕೆ ಗಿಬ್ಸನ್ ಕಂಪನಿಯ ಸೇತ್ ಲವರ್ ಎಂಬ ಎಂಜಿನಿಯರ್ 1955ರಲ್ಲಿ ಕಂಡುಕೊಂಡ ಪರಿಹಾರವನ್ನು ನಾನು ಈಗ ಗಣಿತದ ಮಾಸ್ತರರಿಗೂ ಹೇಳುತ್ತಿರುತ್ತೇನೆ. ಪಕ್ಕಪಕ್ಕದಲ್ಲಿ ಎರಡು ಸುರುಳಿ. ಎರಡನೆಯದನ್ನು ತಿರುವುಮುರುವಾಗಿ ಜೋಡಿಸಿ. ಹೊರಗಿನ ಗುಂಯ್ ಒಂದರಲ್ಲಿ ಧನ, ಇನ್ನೊಂದರಲ್ಲಿ ಋಣ. ಕೂಡಿಸಿದರೆ ಸೊನ್ನೆ. ಹಾಗಾದರೆ ತಂತಿಯ ಸ್ವರವೂ ಸೊನ್ನೆಯಾಗಬೇಕಲ್ಲ? ಅದಕ್ಕೇ ಎರಡನೆಯ ಸುರುಳಿಯ ಕಾಂತವನ್ನೂ ತಲೆಕೆಳಗು ಮಾಡಿಟ್ಟರು. ತಂತಿಯ ಪಾಲಿಗೆ ಎರಡು ಸಲ ತಿರುವು, ಋಣ ಗುಣಿಸು ಋಣ, ಉತ್ತರ ಧನ. ಸ್ವರ ಇಮ್ಮಡಿ, ಗುಂಯ್ ಮಾಯ. ಋಣ ಋಣ ಗುಣಿಸಿದರೆ ಧನ ಹೇಗಾಗುತ್ತದೆ ಸರ್ ಎಂದು ಎಂಟನೆಯ ತರಗತಿಯ ಮಕ್ಕಳು ತಲೆ ಕೆರೆದುಕೊಳ್ಳುವಾಗ ಕೊಡಲು ಇದಕ್ಕಿಂತ ರುಚಿಯಾದ ಉದಾಹರಣೆ ನನಗೆ ಸಿಕ್ಕಿಲ್ಲ.

ಇಷ್ಟೆಲ್ಲ ತಿಳಿದರೂ ಬೆರಳು ಓಡಬೇಕಲ್ಲ. ಮಗಳ ಬೆರಳು ಓಡಿತು, ನನ್ನದು ಈಗಲೂ ಕುಂಟುತ್ತದೆ. ಸ್ವರ ನಿಲ್ಲಬೇಕಾದರೆ ಮೆಟ್ಟಿಲಿನ ಬೆನ್ನಿಗೇ ಒತ್ತಬೇಕು, ನಡುವೆ ಒತ್ತಿದರೆ ಜರ್ ಎನ್ನುತ್ತದೆ. ಮಿತಿಮೀರಿ ಒತ್ತಿದರೆ ಸ್ವರವೇ ಏರುತ್ತದೆ. ಬಲಗೈಯ ಪಿಕ್ಕು ಒಮ್ಮೆ ಕೆಳಕ್ಕೆ, ಒಮ್ಮೆ ಮೇಲಕ್ಕೆ, ನಿಮಿಷಕ್ಕೆ 60ರ ತಾಳದಲ್ಲಿ. ಒಂದು ವಾರ ತಪ್ಪದೆ ಬಂದರೆ 64ಕ್ಕೆ ಏರಿಸಬೇಕು. ನಮ್ಮ ತರುಣ ಗುರು ಇದರಲ್ಲಿ ಬಲು ಕಟ್ಟುನಿಟ್ಟು. "ಸರ್, ನೀವು ಫಾಸ್ಟ್ ಹೋಗೋದು ತಪ್ಪು ಮುಚ್ಚೂಕೆ" ಎಂದು ನನ್ನ ಮುಖಕ್ಕೇ ಹೇಳಿದ. ಮೂವತ್ತು ವರ್ಷದಲ್ಲಿ ನಾನು ಯಾವ ವಿದ್ಯಾರ್ಥಿಗೂ ಇಷ್ಟು ಚೆನ್ನಾಗಿ ಹೇಳಿರಲಿಕ್ಕಿಲ್ಲ.

ಸಾದಾ ಗಿಟಾರಿಗೂ ಇದಕ್ಕೂ ಕಲಿಕೆಯಲ್ಲಿರುವ ದೊಡ್ಡ ವ್ಯತ್ಯಾಸ ಸದ್ದು ಮಾಡುವುದರಲ್ಲಿಲ್ಲ, ಸದ್ದಡಗಿಸುವುದರಲ್ಲಿ. ಆಂಪಿಗೆ ದಾಕ್ಷಿಣ್ಯವಿಲ್ಲ. ಬೆರಳು ಜಾರಿದ್ದು, ಪಕ್ಕದ ತಂತಿ ತಾನಾಗಿ ಮಿಡಿದದ್ದು, ಎಲ್ಲವನ್ನೂ ದೊಡ್ಡದು ಮಾಡಿ ಹೇಳುತ್ತದೆ. ಒಂದು ತಂತಿ ನುಡಿಯುವಾಗ ಉಳಿದ ಐದನ್ನು ಬಲ ಅಂಗೈಯ ಅಂಚಿನಿಂದ, ಎಡಗೈಯ ಬಿಡುವಾದ ಬೆರಳುಗಳಿಂದ ಮೆಲ್ಲನೆ ಮುಟ್ಟಿ ಸುಮ್ಮನಿರಿಸಬೇಕು. ಒಬ್ಬನಿಗೆ ಪ್ರಶ್ನೆ ಕೇಳಿ, ಉತ್ತರ ಬರುವವರೆಗೆ ಉಳಿದ ಐವತ್ತು ಮಂದಿಯನ್ನು ಕಣ್ಣಲ್ಲೇ ಹಿಡಿದಿಡುವ ವಿದ್ಯೆ ಗೊತ್ತಿದ್ದ ನನಗೆ ಈ ಐವರು ಮಾತ್ರ ಸುಲಭಕ್ಕೆ ಬಗ್ಗಲಿಲ್ಲ.

ಆರು ತಿಂಗಳಾಗುವಷ್ಟರಲ್ಲಿ ಮಗಳಿಗೆ ಪೆಡಲುಗಳ ಆಸೆ ಹತ್ತಿತು. ಮೊಬೈಲಿನಲ್ಲಿ ನೋಡಿದ್ದೇ ನೋಡಿದ್ದು. ನಾಲ್ಕು ಪೆಡಲಿನ ಪಟ್ಟಿ ಕೊಟ್ಟಳು, ಒಟ್ಟು ಬೆಲೆ ಗಿಟಾರಿನ ಬೆಲೆಯನ್ನು ಮೀರಿತ್ತು. ನಾನು ಬೇಡ ಎನ್ನಲಿಲ್ಲ. ಪ್ರತಿಯೊಂದೂ ಸ್ವರದ ಅಲೆಗೆ ಏನು ಮಾಡುತ್ತದೆ ಎಂದು ಬರೆದು ತೋರಿಸು ಎಂದೆ. ಫೋನಿನಲ್ಲಿ ಅಲೆಯ ಆಕಾರ ತೋರಿಸುವ ಆ್ಯಪ್ ಹಾಕಿಕೊಂಡು ಇಬ್ಬರೂ ಕೂತೆವು. ಆಂಪಿನ ಗೇನ್ ಗುಂಡಿ ಏರಿಸಿದಂತೆ ದುಂಡನೆಯ ಅಲೆಯ ತಲೆ ಚಪ್ಪಟೆಯಾಗುತ್ತ ಬರುವುದನ್ನು ಕಣ್ಣಾರೆ ಕಂಡಳು. ಜನ ಹುಚ್ಚೆದ್ದು ಕುಣಿಯುವ ಆ ಒರಟು ನಾದ ಎಂದರೆ ಇಷ್ಟೇ, ತಲೆ ಕತ್ತರಿಸಿದ ಅಲೆ. ಕತ್ತರಿಸಿದಾಗ ಮೂಲದಲ್ಲಿಲ್ಲದ ಮೇಲಿನ ಸ್ವರಾಂಶಗಳು ಹುಟ್ಟುತ್ತವೆ. 1964ರಲ್ಲಿ ಕಿಂಕ್ಸ್ ತಂಡದ ಡೇವ್ ಡೇವಿಸ್ ಈ ನಾದಕ್ಕಾಗಿ ಸ್ಪೀಕರಿನ ಕಾಗದದ ಶಂಕುವನ್ನೇ ಬ್ಲೇಡಿನಿಂದ ಸೀಳಿದ್ದರು. ಗಿಟಾರಿನ ಟೋನ್ ಗುಂಡಿಯ ಹಿಂದಿರುವುದು ಪುಟ್ಟದೊಂದು ಕೆಪಾಸಿಟರ್, ಸ್ವರದ ಚೂಪು ಭಾಗವನ್ನು ಭೂಮಿಗೆ ಹರಿಸಿಬಿಡುತ್ತದೆ. ಕೇಬಲ್ ಉದ್ದವಾದಷ್ಟೂ ಅದೇ ಬಗೆಯಲ್ಲಿ ಸ್ವರ ಮಂಕಾಗುತ್ತದೆ. ಹತ್ತಡಿಯ ಕೋಣೆಗೆ ಮೂವತ್ತಡಿ ಕೇಬಲ್ ಯಾಕೆ?

ಪಟ್ಟಿಯಲ್ಲಿ ಕೊನೆಗೆ ಉಳಿದದ್ದು ಪ್ರತಿಧ್ವನಿಯ ಪೆಡಲು ಒಂದೇ. ಅದನ್ನು ಕೊಡಿಸಿದೆ. ಆದರೆ ಅದಕ್ಕಿಂತ ದೊಡ್ಡ ಪಾಠ ಗುರುವಿನಿಂದ ಬಂತು. ಒಂದು ದಿನ ನಮ್ಮದೇ ಗಿಟಾರು, ನಮ್ಮದೇ ಆಂಪು, ಒಂದು ಗುಂಡಿಯನ್ನೂ ತಿರುಗಿಸದೆ ಆತ ನಾಲ್ಕು ಸ್ವರ ನುಡಿಸಿದ. ಬೇರೆಯೇ ವಾದ್ಯ! ತಂತಿಯನ್ನು ಸೇತುವೆಯ ಹತ್ತಿರ ಮೀಟಿದರೆ ಚೂಪು, ಕತ್ತಿನ ಕಡೆ ಮೀಟಿದರೆ ದುಂಡು. ತಂತಿಯ ನಟ್ಟನಡುವೆ ಮೀಟಿದರೆ ಸಮಸಂಖ್ಯೆಯ ಸ್ವರಾಂಶಗಳು ಹುಟ್ಟುವುದೇ ಇಲ್ಲ, ಅವುಗಳ ನಿಶ್ಚಲ ಬಿಂದು ಅಲ್ಲಿಯೇ ಇರುವುದರಿಂದ. ಇದು ಸೋನೋಮೀಟರಿನ ಪಾಠ, ನಾನೇ ಮಾಡುವಂಥದ್ದು. ಬೆರಳಿಗೆ ಅದು ಗೊತ್ತಿರುವುದು ಬೇರೆ. ಬರ್ಮಿಂಗ್‌ಹ್ಯಾಮಿನ ಟೋನಿ ಅಯೋಮಿ 17ರ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯಲ್ಲಿ ಎರಡು ಬೆರಳ ತುದಿ ಕಳೆದುಕೊಂಡರು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡು, ಒತ್ತಲು ಹಗುರವಾಗಲೆಂದು ತೆಳು ತಂತಿ ಹಾಕಿದರು, ಮುಂದೆ ಶ್ರುತಿಯನ್ನೂ ಇಳಿಸಿದರು. ಆ ಭಾರವಾದ ನಾದದಿಂದಲೇ ಬ್ಲ್ಯಾಕ್ ಸಬತ್ ತಂಡ ಹೆಸರಾಯಿತು. ಯಾವ ಅಂಗಡಿಯಲ್ಲೂ ಅದು ಸಿಗುತ್ತಿರಲಿಲ್ಲ.

ಕಡಲ ತಡಿಯವರಿಗೆ ಒಂದು ಮಾತು. ಇಲ್ಲಿ ಹೊಸ ತಂತಿಗೆ ತಿಂಗಳೊಳಗೆ ತುಕ್ಕು. ನುಡಿಸಿದ ಕೂಡಲೇ ಹತ್ತಿ ಬಟ್ಟೆಯಿಂದ ಪ್ರತಿ ತಂತಿಯನ್ನೂ ಒರೆಸಿ, ಚೀಲದಲ್ಲಿಡಿ, ಚೀಲದೊಳಗೆ ಚಪ್ಪಲಿ ಪೆಟ್ಟಿಗೆಗಳಲ್ಲಿ ಬರುವ ತೇವ ಹೀರುವ ಪೊಟ್ಟಣಗಳನ್ನು ಹಾಕಿ. ಮೆಟ್ಟಿಲುಗಳಿಗೆ ತುಕ್ಕಿನ ಭಯವಿಲ್ಲ. ಅವು ಹೆಚ್ಚಾಗಿ ನಿಕಲ್ ಸಿಲ್ವರಿನವು. ಹೆಸರಿನಲ್ಲಿ ಬೆಳ್ಳಿಯಿದ್ದರೂ ಒಳಗಿರುವುದು ತಾಮ್ರ, ನಿಕಲ್, ಸತು ಮಾತ್ರ.

ಮಾರ್ಕಿನ ವಿಷಯ ಕೇಳುವ ಪಾಲಕರಿಗೆ ನನ್ನಲ್ಲಿ ಸಾಕ್ಷ್ಯವಿರುವುದು ಒಂದೇ ಮನೆಯದು. ಮಗಳು ಗಿಟಾರಿನಿಂದ ಹೆಚ್ಚು ಮಾರ್ಕು ತೆಗೆದಳು ಎಂದು ಹೇಳಲಾರೆ, ಕಡಿಮೆ ತೆಗೆದಳು ಎಂದೂ ಹೇಳಲಾರೆ. ಈಗ ಧಾರವಾಡದಲ್ಲಿ ಬಿಎಸ್ಸಿ ಓದುತ್ತಿದ್ದಾಳೆ. ಆಂಪು ನನಗೆ ಬಿಟ್ಟು ಗಿಟಾರ್ ಒಯ್ದಳು. ನಾನು ನನಗೆಂದು ಇನ್ನೊಂದು ಕೊಂಡೆ, ಎರಡು ಸುರುಳಿಯದು.

ನೆರೆಮನೆಯ ಅಜ್ಜ ಸಂಜೆ ಬಂದು ಜಗಲಿಯಲ್ಲಿ ಕೂರುತ್ತಾರೆ. ಯಕ್ಷಗಾನ, ಭಜನೆ ಕೇಳಿ ಪಳಗಿದ ಕಿವಿ. ನಾನೊಂದು ಸಂಜೆ ಮೇಜರ್ ಕಾರ್ಡ್ ನುಡಿಸಿದೆ. "ಎಲ್ಲಾ ಅಡ್ಡಿಲ್ಲ ಮಾಸ್ತರೆ, ಗಾಂಧಾರ ಚೂರು ಏರ್ತು" ಎಂದರು. ಶ್ರುತಿ ಯಂತ್ರ ಹಿಡಿದು ನೋಡಿದರೆ ಎಲ್ಲ ಸರಿಯಾಗಿತ್ತು. ಆದರೂ ಅಜ್ಜ ಹೇಳಿದ್ದು ನಿಜ. ಗಿಟಾರಿನಲ್ಲಿ ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಆವೃತ್ತಿ 1.0595 ಪಟ್ಟು. ಹನ್ನೆರಡು ಸಲ ಗುಣಿಸಿದರೆ ಸರಿಯಾಗಿ ಎರಡು ಬರಲೆಂದು ಮಾಡಿಕೊಂಡ ಹೊಂದಾಣಿಕೆ ಅದು. ಸಹಜ ಗಾಂಧಾರ ಷಡ್ಜದ 1.25 ಪಟ್ಟು, ಗಿಟಾರಿನದು 1.26. ನನ್ನ ಷಡ್ಜ 164.8 ಎಂದಿಟ್ಟುಕೊಂಡರೆ ಗಾಂಧಾರ 206 ಇರಬೇಕಾದದ್ದು 207.6 ಆಗುತ್ತದೆ. ಸೆಕೆಂಡಿಗೆ ಒಂದೂವರೆ ಕಂಪನದ ವ್ಯತ್ಯಾಸವನ್ನು ಅಜ್ಜನ ಕಿವಿ ಹಿಡಿದಿತ್ತು! ಭಜನೆಯ ಹಾರ್ಮೋನಿಯಂನಲ್ಲೂ ಇದೇ ತೊಡಕು. ಬಾನುಲಿ 1940ರಿಂದ ಮೂರು ದಶಕ ಹಾರ್ಮೋನಿಯಂಗೆ ಬಾಗಿಲು ಮುಚ್ಚಿದ್ದಕ್ಕೆ ಇದೂ ಒಂದು ಕಾರಣ.

ತಂತಿ ಎಳೆದು ಸರಿ ಮಾಡಿ ಎಂದರು ಅಜ್ಜ. ಎಳೆದರೆ ಸ್ವರ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಒಂದು ಸ್ವರದಷ್ಟು ಏರಿಸಬೇಕಾದರೆ ತಂತಿಯ ಬಿಗಿತವನ್ನು ಶೇಕಡಾ 26ರಷ್ಟು ಹೆಚ್ಚಿಸಬೇಕು, ಬೆರಳು ನೋಯುವುದು ಅದಕ್ಕೇ. ಇಳಿಸಲು ಇರುವ ದಾರಿ, ಆ ಮೂರನೆಯ ತಂತಿಯ ಕಿವಿಯನ್ನೇ ಒಂದಿಷ್ಟು ಸಡಿಲಿಸುವುದು. ಸಡಿಲಿಸಿ ನುಡಿಸಿದೆ. ಅಜ್ಜ ತಲೆದೂಗಿದರು. ಆದರೆ ಹೀಗೆ ಮಾಡಿದರೆ ಅದೇ ತಂತಿ ಬೇರೆ ಕಾರ್ಡುಗಳಲ್ಲಿ ಇಳಿದು ಕೇಳುತ್ತದೆ ಎಂದು ವಿವರಿಸಿ, ಅದನ್ನೂ ನುಡಿಸಿ ತೋರಿಸಿದೆ.

"ಹಂಗಾರೆ ಅದ್ನ ಬಾರ್ಸ್‌ಬೇಡಿ ಮಾಸ್ತರೆ" ಎಂದು ಅಜ್ಜ ಎಲೆಗೆ ಸುಣ್ಣ ಹಚ್ಚತೊಡಗಿದರು. "ಮೊದ್ಲಿಂದೇ ಇನ್ನೊಂದ್ಸಲ ಬಾರ್ಸಿ."